ಉದ್ದ ಹೆಸರಿನ ಹುಡುಗಿಯರು

ಕಾಕಾನ ಎಡಗಿವಿ ಮಂದ. ಯಾರಾದರೂ ಮಾತಾಡಿಸಿದರೆ ಉದ್ದನೆಯ ಕತ್ತನ್ನು ತಿರುಗಿಸಿ ಬಲಗಿವಿಯನ್ನು ಮುಂದೆ ತರುತ್ತಿದ್ದರು. ಕಣ್ಣು ಕಿರಿದಾಗುತ್ತಿತ್ತು, ಬಾಯಿ ತುಸು ತೆರೆಯುತ್ತಿತ್ತು. ಉತ್ತರ ಮಾತ್ರ ಓಣಿಗೆಲ್ಲ ಕೇಳುವಷ್ಟು ಜೋರು. ಪುಣೆಯ ಒಂದು ಗಿರಣಿಯಲ್ಲಿ ಅವರು ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುತ್ತಿದ್ದರು. ಯಂತ್ರದ ಕೋಣೆಯ ಗದ್ದಲ ಕಿವಿಯನ್ನು ತಿಂದಿತ್ತು. ಆ ಕೋಣೆ ಎಷ್ಟು ತಣ್ಣಗಿರುತ್ತದೆಂದರೆ ಸ್ವೆಟರ್ ಹಾಕಿಕೊಂಡೇ ಕೆಲಸ ಮಾಡಬೇಕು ಎಂದು ಅವರು ಹೇಳಿದಾಗ, ಸಿಂದಗಿಯ ಬೇಸಿಗೆಯಲ್ಲಿ ಬೆವರುತ್ತ ಕೂತಿದ್ದ ನಾವು ನಗುತ್ತಿದ್ದೆವು.

ಅವರು ನಮ್ಮ ಹಿತ್ತಲಿಗೆ ಹೊಂದಿದ ಮನೆಯವರು. ರಕ್ತಸಂಬಂಧವಿರಲಿಲ್ಲ. ರಜೆಗೆ ಬಂದಾಗಲೆಲ್ಲ ನಮ್ಮ ಪಡಸಾಲೆಯಲ್ಲಿ ಕೂತು, ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ನನ್ನ ಅಪ್ಪನ ಜೊತೆ ಹರಟುತ್ತಿದ್ದರು. ಅಪ್ಪನಿಗೆ ಯಂತ್ರದ ಮೇಲೆ ನಂಬಿಕೆಯಿರಲಿಲ್ಲ. "ಅದು ತಪ್ಪೇ ಮಾಡೂದಿಲ್ಲೇನಪಾ?" ಎಂದು ಕೆಣಕುತ್ತಿದ್ದರು. "ಅದಕ್ಕ ತಪ್ಪು ಮಾಡೂವಷ್ಟು ಬುದ್ಧಿ ಇಲ್ರಿ ಅಣ್ಣಾ. ನಾ ಹೇಳಿದ್ದಷ್ಟ ಮಾಡತೈತಿ" ಎಂದು ಕಾಕಾ ಎದೆಯುಬ್ಬಿಸಿ ಹೇಳುತ್ತಿದ್ದರು. ಆ ಮಾತಿನಲ್ಲಿ ಆಗ ಬರೀ ಹೆಮ್ಮೆಯಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಒಂದು ಖಾಸಗಿ ಟ್ರಸ್ಟಿನವರು ಹೆಣ್ಣುಮಕ್ಕಳ ಕಾಲೇಜು ಓದಿಗೆಂದು ನಮ್ಮ ಕಡೆಯ ತಾಲೂಕುಗಳಲ್ಲಿ ಪರೀಕ್ಷೆ ನಡೆಸಿದರು. ಆಯ್ಕೆಯಾದರೆ ಬಿಜಾಪುರದ ಹಾಸ್ಟೆಲು, ಊಟ, ಪುಸ್ತಕ ಎಲ್ಲ ಅವರದೇ. ಅಂಕಗಳನ್ನು ಕೂಡಿಸಿ ಸಾಲುಹಚ್ಚುವ ಕೆಲಸವನ್ನು ಕಾಕಾನ ಗಿರಣಿಯ ಕಂಪ್ಯೂಟರಿಗೆ ಒಪ್ಪಿಸಿದ್ದರು. ನಾನೂ ನನ್ನ ಗೆಳತಿ ಶಾಂತವ್ವಳೂ ಪರೀಕ್ಷೆಗೆ ಕೂತೆವು. ಅವಳು ಮೋರಟಗಿಯವಳು, ನಮ್ಮೂರಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಗಣಿತದಲ್ಲಿ ಅವಳ ಮುಂದೆ ನಾನು ಏನೂ ಅಲ್ಲ. ಅವಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದ: ಆಯ್ಕೆಯಾದರೆ ಕಾಲೇಜು, ಇಲ್ಲದಿದ್ದರೆ ಮದುವೆ.

ಇಬ್ಬರೂ ಆಯ್ಕೆಯಾಗಲಿಲ್ಲ. ಶಾಂತವ್ವ ಅಳಲಿಲ್ಲ. "ಎಲ್ಲಿ ತಪ್ಪಿತಲೇ?" ಎಂದು ಒಂದೊಂದೇ ಲೆಕ್ಕವನ್ನು ನನ್ನ ಮುಂದೆ ಮತ್ತೆ ಬಿಡಿಸಿದಳು. ಎಲ್ಲಿಯೂ ತಪ್ಪಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಅವಳನ್ನು ನಿಡಗುಂದಿಗೆ ಮದುವೆ ಮಾಡಿಕೊಟ್ಟರು.

ಕಾರಹುಣ್ಣಿಮೆಗೆ ಕಾಕಾ ಬಂದರು. ಅಪ್ಪ ನಗುತ್ತಲೇ, "ನಿನ್ನ ಯಂತ್ರ ನಮ್ಮ ಸಾಲಿ ಶ್ಯಾಣ್ಯಾ ಹುಡುಗ್ಯಾರನ್ನೆಲ್ಲ ಫೇಲ್ ಮಾಡಿ ಕುಂತೈತಿ ನೋಡೋ ತಮ್ಮಾ" ಎಂದರು. ಕಾಕಾ ಮೊದಲು ನಕ್ಕರು. ಆಮೇಲೆ ನನ್ನನ್ನು ಕರೆದರು. "ಅರ್ಜ್ಯಾಗ ಹೆಸರು ಹ್ಯಾಂಗ ಬರೆದಿದ್ದಿ ತಂಗಿ?"

ನಾನು ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಹೇಳಿದೆ. ಅವರು ಸೀಮೆಸುಣ್ಣ ತರಿಸಿ ನೆಲದ ಮೇಲೆ ಚೌಕಾಬಾರದ ಮನೆಗಳ ಹಾಗೆ ಸಾಲಾಗಿ ಚೌಕ ಎಳೆದರು. ಯಂತ್ರಕ್ಕೆ ಕೊಡುವ, ತೂತು ಚುಚ್ಚಿ ಅಕ್ಷರ ಮೂಡಿಸುವ ಕಾರ್ಡಿನಲ್ಲಿ ಒಂದು ಅಕ್ಷರಕ್ಕೆ ಒಂದು ಮನೆ ಎಂದು ಹೇಳುತ್ತ, ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ತುಂಬುತ್ತ ಹೋದರು. ಹೆಸರಿಗೆಂದು ಇಟ್ಟ ಮನೆಗಳು ಮುಗಿದವು. ಅಡ್ಡಹೆಸರಿನ ಕಡೆಯ ಅಕ್ಷರ ಇನ್ನೂ ಹೊರಗಿತ್ತು. ಅದನ್ನು ಮುಂದಿನ ಮನೆಯಲ್ಲಿ ಬರೆದರು. ಅದು ಅಂಕಕ್ಕೆ ಮೀಸಲಿಟ್ಟ ಮನೆ. ಅಂಕ ಒಂದು ಮನೆ ಮುಂದಕ್ಕೆ ಸರಿಯಿತು. ಅದರ ಎರಡನೆಯ ಅಂಕಿ ಗೆರೆಯಾಚೆ ಬಿತ್ತು. ಎಂಬತ್ತಾರು ಬಿದ್ದಿದ್ದರೂ ಯಂತ್ರ ಆ ಅಕ್ಷರವನ್ನು ಬಿಟ್ಟು ಓದಿಕೊಳ್ಳುವುದು ಬರೀ ಎಂಟು.

ಕಾಕಾ ಸೀಮೆಸುಣ್ಣ ಹಿಡಿದುಕೊಂಡು ಹಾಗೇ ಕುಕ್ಕರಗಾಲಲ್ಲಿ ಕೂತರು.

"ಪುಣೆ ಆಫೀಸಿನವರ ಹೆಸರು ನೋಡಿ ಅಳತಿ ತಗೊಂಡೆ," ಎಂದರು, ಯಾರಿಗೂ ಅಲ್ಲ ಎಂಬಂತೆ. "ಇಷ್ಟು ಸಾಕಾಗತೈತಿ ಅಂದುಕೊಂಡೆ. ನನ್ನ ಊರಾಗ ಹೆಸರು ಹ್ಯಾಂಗಿರ್ತಾವ ಅನ್ನೂದನ್ನ ಮರ್ತೆ."

ಹಬ್ಬದೂಟಕ್ಕೂ ನಿಲ್ಲದೆ ಹೊರಟುಹೋದರು. ಪುಣೆಯಲ್ಲಿ ಕಾರ್ಡುಗಳನ್ನು ತೆಗೆಸಿ ನೋಡಿದರೆ ಅನುಮಾನ ನಿಜವಾಗಿತ್ತು. ಉದ್ದ ಹೆಸರಿನ ಹುಡುಗಿಯರೆಲ್ಲ ಬಿದ್ದುಹೋಗಿದ್ದರು: ಇಂಡಿಯವರು, ಮುದ್ದೇಬಿಹಾಳದವರು, ಬಾಗೇವಾಡಿಯವರು. ಮೇಲಿನ ಸಾಹೇಬರು, ಯಂತ್ರದ ದೋಷ ಎಂದು ಬರೆದು ಮುಗಿಸಿಬಿಡು ಎಂದರಂತೆ. ಇನ್ನೊಬ್ಬರು, ಕಾರ್ಡು ಚುಚ್ಚಿದ ಹುಡುಗಿಯ ಮೇಲೆ ಹಾಕು ಎಂದರಂತೆ. ಕಾಕಾ ಎರಡಕ್ಕೂ ಒಪ್ಪಲಿಲ್ಲ. ತಪ್ಪು ತಮ್ಮದೇ ಎಂದು ತಾವೇ ಟ್ರಸ್ಟಿನವರ ಮುಂದೆ ನಿಂತು ಹೇಳಿದರು. ಫಲಿತಾಂಶ ಬದಲಾಯಿತು. ಕಾಕಾನ ಬಡ್ತಿ ಅಲ್ಲಿಗೇ ನಿಂತಿತು.

ನನಗೆ ಸೀಟು ಸಿಕ್ಕಿತು. ಶಾಂತವ್ವಳಿಗೂ ಸಿಕ್ಕಿತು. ಸುದ್ದಿ ತಿಳಿಸಲು ಕಾಕಾ ಅಪ್ಪನನ್ನೂ ನನ್ನನ್ನೂ ಕರೆದುಕೊಂಡು ನಿಡಗುಂದಿಗೆ ಹೋದರು. ಶಾಂತವ್ವಳ ಮಾವ ಒಳ್ಳೆಯ ಮನುಷ್ಯ. ಜಮಖಾನೆ ಹಾಸಿ ಕೂರಿಸಿ ಚಹಾ ಕೊಡಿಸಿದರು. ಕಾಕಾ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು.

"ನಮ್ಮ ಸೊಸಿ ಫೇಲ್ ಆಗ್ಯಾಳ ಅಂತ ನಮಗ ಬ್ಯಾಸರ ಇದ್ದಿದ್ದಿಲ್ರಿ," ಎಂದರು. "ಈಗ ಪಾಸ್ ಆಗ್ಯಾಳ ಅಂದ್ರೂ ನಮಗೇನು ಫರಕ್ ಇಲ್ರಿ. ಇಷ್ಟು ದೂರ ಬಂದೀರಿ, ಊಟ ಮಾಡ್ಕೊಂಡು ಹೋಗ್ರಿ."

ಶಾಂತವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಾಕಾ ಎದ್ದು ಅವಳ ಕಡೆ ತಿರುಗಿದರು. "ತಂಗಿ, ನೀ ಫೇಲ್ ಆಗಿದ್ದಿಲ್ಲ. ತಪ್ಪು ಮಾಡಿದಾಂವ ನಾನು."

"ಗಣಿತದಾಗ ಎಷ್ಟು ಬಿದ್ದಿದ್ದುವ್ರಿ?" ಎಂದಳು ಶಾಂತವ್ವ.

"ತೊಂಬತ್ತೆಂಟು."

"ಹೌದ್ರಿ. ನಾನೂ ಅಷ್ಟ ಅಂದುಕೊಂಡಿದ್ದೆ," ಎಂದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ವಾಪಸು ಬರುವಾಗ ಮನಗೂಳಿಯಲ್ಲಿ ಬಸ್ಸು ನಿಂತಿತು. ಎಲ್ಲರೂ ಇಳಿದು ಚಹಾ ಕುಡಿದರು. ಕಾಕಾ ಸೀಟು ಬಿಟ್ಟು ಏಳಲಿಲ್ಲ. ಅಪ್ಪ ಏನೋ ಸಮಾಧಾನ ಹೇಳಿದರು. ಅವರು ಕಿವಿಯನ್ನು ಮುಂದೆ ತರಲಿಲ್ಲ.

ಬಿ.ಎಸ್ಸಿ. ಮುಗಿಸಿದ ಮೇಲೆ ನಾನು ಅವರ ಕೈಕೆಳಗೇ ಕೆಲಸಕ್ಕೆ ಸೇರಿದೆ. ನನ್ನ ಎಲ್ಲ ಕಸುಬು ಅವರು ಕಲಿಸಿದ್ದು. ನಾವು ಬರೆದ ಪ್ರೋಗ್ರಾಮನ್ನು ನಮಗಾಗದವರು ಬರೆದದ್ದು ಎಂಬಂತೆ ಓದಬೇಕು ಎನ್ನುತ್ತಿದ್ದರು. ಪರೀಕ್ಷಿಸಿ ನೋಡಲು ಸುಲಭದ ಹೆಸರನ್ನು ಹಾಕಿದರೆ ಕಾರ್ಡನ್ನು ಹಿಂದಕ್ಕೆ ಕೊಡುತ್ತಿದ್ದರು: "ಇದು ನಡೀತೈತಿ ಅಂತ ನಿನಗ ಮೊದಲ ಗೊತ್ತೈತಿ. ನಡಿಯಾಕಿಲ್ಲ ಅನ್ನೂದನ್ನ ಹಾಕು." ಯಾರಾದರೂ 'ಇಷ್ಟು ಸಾಕು' ಎಂದರೆ, "ಯಾರನ್ನ ಕೇಳಿದಿ?" ಎಂಬ ಪ್ರಶ್ನೆ ತಪ್ಪದೆ ಬರುತ್ತಿತ್ತು. ಕಾರ್ಡು ಚುಚ್ಚುವ ಹುಡುಗಿಯರನ್ನು ಬೈದರೆ ಮಾತ್ರ ಅವರಿಗೆ ಸಿಟ್ಟು. ನಕ್ಕದ್ದನ್ನು ನಾನು ಆಮೇಲೆ ಹೆಚ್ಚಾಗಿ ಕಾಣಲಿಲ್ಲ. ಊಟದ ಹೊತ್ತಿನಲ್ಲೂ ಡಬ್ಬಿ ತೆರೆದಿಟ್ಟುಕೊಂಡು, ಹಿಂದಿನ ದಿನ ಸರಿಯಾಗಿ ನಡೆದ ಕೆಲಸವನ್ನೇ ಮತ್ತೆ ಮತ್ತೆ ತಾಳೆನೋಡುತ್ತ ಕೂರುತ್ತಿದ್ದರು.

ದಶಕ ಮುಗಿಯುವ ಮೊದಲೇ ಎದೆನೋವಿನಿಂದ ಹೋಗಿಬಿಟ್ಟರು. ಸುದ್ದಿ ಹೇಳಲು ನಾನೊಬ್ಬಳೇ ನಿಡಗುಂದಿಗೆ ಹೋದೆ. ಶಾಂತವ್ವ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಕೇಳಿ ಮಗುವನ್ನು ಕೆಳಗಿಳಿಸಿದಳು.

"ಊರಿಗೆ ಬಂದಾಗೊಮ್ಮೆ ಇಲ್ಲಿ ಬರ್ತಿದ್ರು. ಗಣಿತದ ಪುಸ್ತಕ ತರ್ತಿದ್ರು," ಎಂದಳು. ಅದು ನನಗೆ ಗೊತ್ತೇ ಇರಲಿಲ್ಲ. "ಹ್ವಾದ ವರ್ಷ ನಾನ ಹೇಳಿದೆ, ಇನ್ನ ಬರಬ್ಯಾಡ್ರಿ ಕಾಕಾ, ನೀವು ಬಂದು ಹೋದ ಮ್ಯಾಲೆ ನನಗ ಈ ಮನ್ಯಾಗ ಮನಸ್ಸು ಹತ್ತೂದಿಲ್ಲ ಅಂತ."

"ಅವರೇನಂದ್ರು?"

"ಆತವಾ ಅಂದ್ರು. ಪುಸ್ತಕ ವಾಪಸ್ ಒಯ್ಲಿಲ್ಲ."

ಚಹಾ ಕಾಯಿಸುತ್ತ ನನ್ನ ಕೆಲಸದ ಬಗ್ಗೆ ಕೇಳಿದಳು. ಗಿರಣಿಯ ಕೆಲಸಗಾರರ ಹಾಜರಿಯನ್ನು ಯಂತ್ರಕ್ಕೆ ಕೊಡುವ ಬಗೆಯನ್ನು ಹೇಳುತ್ತಿದ್ದೆ. ಮಗುವಿನ ಮೂಗು ಒರೆಸುತ್ತಿದ್ದವಳು ತಲೆಯೆತ್ತಿದಳು.

"ಇಬ್ಬರ ಹೆಸರು ಒಂದ ಇದ್ರ ಅದಕ್ಕ ಹ್ಯಾಂಗ ಗೊತ್ತಾಗತೈತಿ?"

ನಾನು ಕೆಲಸಕ್ಕೆ ಸೇರಿದ ದಿನ ಕಾಕಾ ಹೊಸಬರನ್ನೆಲ್ಲ ಕೂರಿಸಿ ಹಾಜರಿಯ ಈ ಬಗೆಯನ್ನೇ ವಿವರಿಸಿದ್ದರು. ಶಾಂತವ್ವ ಕೇಳಿದ ಈ ಪ್ರಶ್ನೆಯನ್ನು ತಾವಾಗಿ ಕೇಳುವವರೊಬ್ಬರು ಸಿಕ್ಕರೆ ಸಾಕು ಎಂದು ಎಷ್ಟೋ ಹೊತ್ತು ಕಾದು, ನಾವು ಯಾರೂ ಕೇಳದಿದ್ದಾಗ ಕಡೆಗೆ ತಾವೇ ಕೇಳಿ ಉತ್ತರವನ್ನೂ ಹೇಳಿದ್ದರು. ಒಬ್ಬೊಬ್ಬರಿಗೂ ಬೇರೆ ಬೇರೆ ನಂಬರು ಕೊಡುವುದನ್ನು ನಾನು ಶಾಂತವ್ವಳಿಗೆ ವಿವರಿಸಿದೆ. ಅವಳು ಒಲೆಯ ಮುಂದಿನಿಂದ ಸರಿದು ನನ್ನ ಹತ್ತಿರ ಬಂದು ಕೂತು, "ಆಮ್ಯಾಲೆ?" ಎಂದಳು.