ವೈಫೈ ಹೆಸರುಗಳ ಜೊತೆ ಜಗಳವಾಡಿದ ಸರ್

ನಮ್ಮ ನೆಟ್‌ವರ್ಕ್ ಸರ್ ಅವರ ಎರಡೂ ಕಾಲಿನ ಹೆಬ್ಬೆರಳ ಉಗುರುಗಳು ಯಾವಾಗಲೂ ಕಪ್ಪಗಿರುತ್ತಿದ್ದವು. ನಡೆಯುವಾಗ ಅವರು ನೆಲ ನೋಡುತ್ತಿರಲಿಲ್ಲ, ಛಾವಣಿ ನೋಡುತ್ತಿದ್ದರು. ಎಡಗೈಯ ಮೇಲೆ ತೆರೆದ ಲ್ಯಾಪ್‌ಟಾಪು, ಕನ್ನಡಕ ಹಣೆಗೆ, ಕತ್ತು ಮೇಲಕ್ಕೆ. ಕಾರಿಡಾರಿನ ಮೆಟ್ಟಿಲು, ಬಾಗಿಲ ಹೊಸ್ತಿಲು, ಯಾರೋ ದಾರಿಯಲ್ಲಿ ಬಿಟ್ಟುಹೋದ ಬೆಂಚು, ಎಲ್ಲವೂ ಅವರಿಗಿಂತ ಮೊದಲು ತಿಳಿಯುತ್ತಿದ್ದದ್ದು ಅವರ ಹೆಬ್ಬೆರಳಿಗೆ. ಎಡವಿದಾಗಲೆಲ್ಲ ಬೆಂಚಿಗೇ ಬೈದು ಮುಂದೆ ಹೋಗುತ್ತಿದ್ದರು. ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳಿ ಎಂದು ಹೇಳಿ ಹೇಳಿ ನನಗೇ ಸಾಕಾಯಿತು.

ನಮ್ಮದು ಗೋಕಾಕದ ಹೊರಗೆ ಕಬ್ಬಿನ ಹೊಲಗಳ ನಡುವೆ ಹರಡಿಕೊಂಡಿರುವ ಕ್ಯಾಂಪಸ್ಸು. ಎಂಜಿನಿಯರಿಂಗ್, ಡಿಪ್ಲೊಮಾ, ನರ್ಸಿಂಗ್, ಪಿಯು, ಜೊತೆಗೆ ಇವೆಲ್ಲದರ ಹಾಸ್ಟೆಲ್ಲುಗಳು. ಇಷ್ಟಕ್ಕೂ ವೈಫೈ ಕೊಡುವ ಜವಾಬ್ದಾರಿ ಸರ್ ಅವರದು. ಅಂಕಲಗಿಯಿಂದ ದಿನಾ ಬಸ್ಸಿಗೆ ನೇತಾಡಿಕೊಂಡು ಬರುವ ನಾನು ಅವರ ಒಬ್ಬಳೇ ಒಬ್ಬಳು ಸಹಾಯಕಿ. ಛಾವಣಿಗೆ ಅಂಟಿಸಿದ ಬಿಳಿ ಡಬ್ಬಿಗಳಿಂದ ವೈಫೈ ಬರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಆ ಡಬ್ಬಿಗಳನ್ನೆಲ್ಲ ಒಂದೇ ಕಡೆ ಕೂತು ಆಳುವ ಕಂಟ್ರೋಲರ್ ಎಂಬ ಯಂತ್ರವೊಂದಿದೆ, ಅದಿರುವ ಕೋಣೆಗೆ ಸದಾ ಎಸಿ ಇರುತ್ತದೆ ಎನ್ನುವುದರಲ್ಲಿ ಎರಡನೆಯದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಬಿಸಿಲುಗಾಲದಲ್ಲಿ ಪ್ರೊಫೆಸರುಗಳು ಏನಾದರೂ ನೆಪ ಹುಡುಕಿ ಬಂದು ಅಲ್ಲಿ ಕೂರುತ್ತಿದ್ದರು. ಸರ್ ಮುಲಾಜಿಲ್ಲದೆ ಎಬ್ಬಿಸುತ್ತಿದ್ದರು.

ಈ ಕೆಲಸದಲ್ಲಿ ಹೊಗಳಿಕೆ ಎಂಬುದಿಲ್ಲ. ವೈಫೈ ಬರುತ್ತಿದ್ದರೆ ನಾವಿದ್ದೇವೆ ಎಂದೇ ಯಾರಿಗೂ ನೆನಪಿರುವುದಿಲ್ಲ, ನಿಂತರೆ ಗೇಟಿನ ವಾಚ್‌ಮನ್ ಕೂಡ ನಮ್ಮನ್ನು ಬೈಯುತ್ತಾನೆ. ಸಂಜೆ ಕ್ರಿಕೆಟ್ ಶುರುವಾದರೆ ಗಂಡುಹುಡುಗರ ಹಾಸ್ಟೆಲ್ಲೇ ಅರ್ಧ ಇಂಟರ್ನೆಟ್ ಲೈನು ಎಳೆದುಕೊಳ್ಳುತ್ತದೆಂದು ಸರ್ ಒಬ್ಬೊಬ್ಬರಿಗೆ ಇಷ್ಟೇ ವೇಗ ಎಂದು ಕಟ್ಟುಹಾಕಿದರು. ಮರುದಿನ ಹುಡುಗರು ಬಂದು ಧಿಕ್ಕಾರ ಕೂಗಿದರು. ಸರ್ ಕಟ್ಟು ತೆಗೆದರು. ಅದರ ಮರುದಿನ ಮೇಷ್ಟ್ರುಗಳು ಬಂದು ಕ್ಲಾಸಿನಲ್ಲಿ ವಿಡಿಯೊ ನಡೆಯುತ್ತಿಲ್ಲ ಎಂದು ಕೂಗಿದರು. ಎಲ್ಲರ ಬಾಯಲ್ಲೂ ಒಂದೇ ಪರಿಹಾರ, ಇನ್ನೂ ದೊಡ್ಡ ಲೈನು ತೆಗೆದುಕೊಳ್ಳಿ. ಸರ್ ಅವರದೂ ಒಂದೇ ಉತ್ತರ.

“ಲೈನ್ ಎಷ್ಟರ ದೊಡ್ಡದು ತಗೋರಿ, ಡಬ್ಬಿ ಮತ್ತ ಫೋನಿನ ನಡುವ ಇರೂ ಗಾಳಿ ಅಷ್ಟ ಐತಿ. ಅದನ್ನ ಕೊಂಡ ತರಾಕ ಆಗೂದಿಲ್ಲ.”

ಇದನ್ನು ಅವರು ಎಷ್ಟು ಸಲ ಹೇಳಿರಬಹುದೋ! ಸಮಾಧಾನದಿಂದ ಹೇಳಿದ್ದರೆ ಯಾರಾದರೂ ಕೇಳುತ್ತಿದ್ದರೇನೋ. ಇವರು ಜಗಳಕ್ಕೆ ಬಂದವರಂತೆ ಹೇಳುತ್ತಿದ್ದರು. ಎರಡನೆಯ ಸಲ ಅದೇ ಪ್ರಶ್ನೆ ಕೇಳಿದವರಿಗೆ ಮೂರನೆಯ ಸಲ ಕೇಳುವ ಧೈರ್ಯ ಉಳಿಯುತ್ತಿರಲಿಲ್ಲ. ನನಗೂ ಅವರ ಮೇಲೆ ಕೆಲವೊಮ್ಮೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು.

ನಮ್ಮ ನಿಜವಾದ ರೋಗ ಮಾತ್ರ ಬೇರೆಯೇ ಇತ್ತು. ನಮ್ಮ ಕಡೆ ಯಾರೇ ಫ್ಯಾನು ಕೊಟ್ಟರೂ ಅದರ ರೆಕ್ಕೆಯ ಮೇಲೆ ಕೊಟ್ಟವರ ಹೆಸರು ಇರಲೇಬೇಕು. ಬೆಂಚಿನ ಬೆನ್ನಿಗೆ ಹೆಸರು, ನೀರಿನ ಟಾಕಿಗೆ ಹೆಸರು, ಗೋಡೆ ಗಡಿಯಾರದ ಗಾಜಿಗೆ ಹೆಸರು. ಅದಕ್ಕೆ ನನ್ನ ತಕರಾರಿಲ್ಲ, ಫ್ಯಾನು ಹೆಸರಿದ್ದರೂ ತಿರುಗುತ್ತದೆ. ಆದರೆ ಈ ಚಟ ವೈಫೈಗೂ ಹತ್ತಿತು. ಮೊದಲು ಚೇರ್ಮನ್ ಸಾಹೇಬರು ತಮ್ಮ ತೀರಿಹೋದ ತಂದೆಯ ಹೆಸರಿನಲ್ಲಿ ಒಂದು ವೈಫೈ ಹಾಕಿಸಿದರು. ಫೋನು ತೆರೆದರೆ ವೈಫೈ ಪಟ್ಟಿಯಲ್ಲಿ ಅವರ ತಂದೆಯ ಪೂರ್ತಿ ಹೆಸರು ಕಾಣುತ್ತಿತ್ತು. ಅದನ್ನು ಕಂಡ ಸಿವಿಲ್ ವಿಭಾಗದವರು ತಮಗೂ ಬೇಕೆಂದರು. ಸಿವಿಲ್‌ನವರಿಗೆ ಕೊಟ್ಟು ಮೆಕ್ಯಾನಿಕಲ್‌ನವರಿಗೆ ಇಲ್ಲ ಎನ್ನುವುದು ಹೇಗೆ? ಆಮೇಲೆ ಲೈಬ್ರರಿ, ಗೆಸ್ಟ್‌ಹೌಸು, ಜಿಮ್ಮು, ಕಡೆಗೆ ಕ್ಯಾಂಟೀನಿನ ಕಾಂಟ್ರಾಕ್ಟರು. ಹೆಸರು ಕೊಡದಿದ್ದರೆ ಅವಮಾನ ಮಾಡಿದಂತೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಪಟ್ಟಿ ನೋಡಲು ಬೆರಳಿನಿಂದ ಮೇಲೆ ಕೆಳಗೆ ಸರಿಸಬೇಕಾಗಿತ್ತು.

ಪ್ರತಿ ಡಬ್ಬಿಯೂ ತನ್ನಲ್ಲಿರುವ ಒಂದೊಂದು ಹೆಸರನ್ನೂ ಸೆಕೆಂಡಿಗೆ ಹಲವು ಸಲ ಗಾಳಿಗೆ ಸಾರುತ್ತಲೇ ಇರುತ್ತದೆ, ಅದನ್ನು ಬಳಸುವವರು ಇರಲಿ ಬಿಡಲಿ. ಸಾರುವ ಹೊತ್ತಿನಲ್ಲಿ ಬೇರೆ ಯಾವ ಕೆಲಸವೂ ಆಗುವುದಿಲ್ಲ. ಹೆಸರು ಹೆಚ್ಚಿದಷ್ಟೂ ಪಾಠಕ್ಕೆ, ಪರೀಕ್ಷೆಗೆ ಉಳಿಯುವ ಹೊತ್ತು ಕಡಿಮೆ. ಇಷ್ಟೇ ವಿಷಯ. ಇಷ್ಟನ್ನು ಒಂದು ಇಡೀ ಸಂಸ್ಥೆಗೆ ಅರ್ಥಮಾಡಿಸಲಾಗದೆ ಸರ್ ಸೋತುಹೋದರು.

ಒಂದು ವರ್ಷ ದೊಡ್ಡ ಆಸ್ಪತ್ರೆಯವರು ನಮ್ಮ ನರ್ಸಿಂಗ್ ಹುಡುಗಿಯರನ್ನು ಕೆಲಸಕ್ಕೆ ಆರಿಸಲು ಆನ್‌ಲೈನ್ ಪರೀಕ್ಷೆ ಇಟ್ಟರು. ತಗಡಿನ ಛಾವಣಿಯ ಸಭಾಂಗಣ, ಮೊಬೈಲ್ ಸಿಗ್ನಲ್ ಒಳಗೆ ಬರುವುದಿಲ್ಲ, ವೈಫೈ ಒಂದೇ ಗತಿ. ಪರೀಕ್ಷೆಯ ನಡುವೆ ಒಬ್ಬೊಬ್ಬರದೇ ಪರದೆ ನಿಂತಿತು. ನಾಗನೂರಿನ ಹುಡುಗಿಯೊಬ್ಬಳು ಬೆಂಚು ಹತ್ತಿ ಫೋನನ್ನು ತಲೆಯ ಮೇಲೆತ್ತಿ ಹಿಡಿದು, “ಸರ್, ಎಲ್ಲಾ ಉತ್ತರ ಬರೋಬರಿ ಬಂದಿದ್ದೂರಿ, ಹೋಗವಲ್ದು ನೋಡ್ರಿ” ಎಂದು ಅಳುತ್ತಿದ್ದಳು. ಸರ್ ಬಾಗಿಲಲ್ಲಿ ನಿಂತಿದ್ದರು. ಅವತ್ತು ಅವರು ಯಾರಿಗೂ ಬೈಯಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಆಸ್ಪತ್ರೆಯವರು ದೊಡ್ಡ ಮನಸ್ಸು ಮಾಡಿ ಮುಂದಿನ ತಿಂಗಳು ಇನ್ನೊಂದು ಅವಕಾಶ ಕೊಡುತ್ತೇವೆಂದರು. ಅಷ್ಟರೊಳಗೆ ಮ್ಯಾನೇಜ್‌ಮೆಂಟ್ ಏನು ಮಾಡಿತು ಗೊತ್ತೇ? ಸಭಾಂಗಣಕ್ಕೆ ಇನ್ನಷ್ಟು ಡಬ್ಬಿ ತಂದು ಜಡಿಸಿತು. ಡಬ್ಬಿ ಹೆಚ್ಚಾದರೆ ಅದೇ ಹೆಸರುಗಳನ್ನು ಸಾರುವ ಬಾಯಿಯೂ ಹೆಚ್ಚಾಯಿತು, ಇದ್ದದ್ದೂ ಕೆಟ್ಟಿತು. ಸರ್ ವಿಭಾಗದಿಂದ ವಿಭಾಗಕ್ಕೆ ಅಲೆದು, ಹೆಸರು ತೆಗೆಯಲು ಒಪ್ಪಿಕೊಳ್ಳಿ ಎಂದು ಕೇಳಿದರು. ಎಲ್ಲರೂ ಸಂತೋಷದಿಂದ ಒಪ್ಪಿದರು, ಪಕ್ಕದ ವಿಭಾಗದ್ದು ತೆಗೆಯಲು. ಕಡೆಗೆ ಚೇರ್ಮನ್ ಸಾಹೇಬರ ಬಳಿ ಹೋದೆವು.

“ಸಾಹೇಬ್ರ, ನಮ್ಮ ಫಂಕ್ಷನ್ನಾಗ ಸತ್ಕಾರ ಮಾಡೂದು ನೋಡೀರಿಲ್ರಿ?” ಎಂದು ಸರ್ ಆರಂಭಿಸಿದರು. “ಒಬ್ಬೊಬ್ಬರ ಹೆಸರ ಮೈಕಿನ್ಯಾಗ ಕರದು, ತಲಿಗಿ ಪಟಗಾ ಸುತ್ತಿ, ಶಾಲು ಹೊಚ್ಚಿ ಮುಗಿಸೂದ್ರಾಗ ಊಟದ ಹೊತ್ತ ಆಗಿರ್ತೈತಿ. ಭಾಷಣಕ್ಕಂತ ಬಂದಾಂವ ಬಾಯಿ ತಗೀದ ಮನಿಗಿ ಹೊಕ್ಕಾನ. ನಮ್ಮ ವೈಫೈನೂ ಹಂಗ ಆಗೇತ್ರಿ.”

ಹಿಂದಿನ ವಾರವಷ್ಟೇ ತಮ್ಮ ಹುಟ್ಟುಹಬ್ಬಕ್ಕೆ ಅರ್ಧ ದಿನ ಸತ್ಕಾರ ಮಾಡಿಸಿಕೊಂಡಿದ್ದ ಚೇರ್ಮನ್‌ರ ಮುಖ ಹೇಗಾಗಿರಬೇಡ! ಹೆಸರು ತೆಗೆಯುವ ಮಾತೇ ಬೇಡ ಎಂದು ನಮ್ಮನ್ನು ಹೊರಗೆ ಕಳಿಸಿದರು.

ಪರೀಕ್ಷೆಯ ದಿನ ಬೆಳಿಗ್ಗೆ ಸರ್ ಕಂಟ್ರೋಲರ್ ಮುಂದೆ ಕೂತರು. ಯಾರನ್ನೂ ಕೇಳಲಿಲ್ಲ. ವಿದ್ಯಾರ್ಥಿಗಳಿಗೊಂದು, ಸಿಬ್ಬಂದಿಗೊಂದು ಉಳಿಸಿ ಮಿಕ್ಕ ಹೆಸರುಗಳನ್ನೆಲ್ಲ ತೆಗೆದುಹಾಕಿದರು. ಚೇರ್ಮನ್‌ರ ತಂದೆಯದನ್ನೂ ತೆಗೆದರು. ಸಭಾಂಗಣದಲ್ಲಿ ಹೊಸದಾಗಿ ಜಡಿದ ಡಬ್ಬಿಗಳನ್ನು ಬಂದ್ ಮಾಡಲು ನನಗೆ ಹೇಳಿದರು. ಪರೀಕ್ಷೆ ಎಲ್ಲೂ ತಡೆಯದೆ ಮುಗಿಯಿತು. ನಾಗನೂರಿನ ಹುಡುಗಿ ಹೊರಗೆ ಬಂದು ನನ್ನ ಕೈ ಹಿಡಿದು ಜಗ್ಗಾಡಿದಳು. ಸರ್ ಆಗಲೇ ಕತ್ತೆತ್ತಿಕೊಂಡು ಮುಂದಿನ ಕಟ್ಟಡಕ್ಕೆ ಹೋಗಿಬಿಟ್ಟಿದ್ದರು.

ಪರೀಕ್ಷೆ ಚೆನ್ನಾಯಿತೆಂದು ಒಬ್ಬರಾದರೂ ಹೇಳಿದರೇ? ಇಲ್ಲ. ಚೇರ್ಮನ್‌ರ ತಂದೆಯ ಪುಣ್ಯತಿಥಿಗೆ ಬೀಗರು ಬಂದರು. ಸಾಹೇಬರು ಅವರಿಗೆ ತೋರಿಸಲೆಂದು ಫೋನು ತೆರೆದರೆ ತಂದೆಯ ಹೆಸರೇ ಇಲ್ಲ. ವಾರದೊಳಗೆ ಸರ್ ಅವರಿಗೆ ಮೂಡಲಗಿಯ ನಮ್ಮ ಶಾಖೆಯ ಹೈಸ್ಕೂಲಿಗೆ ವರ್ಗವಾಯಿತು. ಅಲ್ಲಿರುವುದು ಒಂದು ಕಂಪ್ಯೂಟರ್ ಕೋಣೆ, ಅದಕ್ಕೊಂದು ಡಬ್ಬಿ. ಇಷ್ಟು ದೊಡ್ಡ ಕ್ಯಾಂಪಸ್ಸನ್ನು ಅಂಗೈಯಲ್ಲಿಟ್ಟುಕೊಂಡಿದ್ದ ಮನುಷ್ಯ ಅಲ್ಲಿ ಮಕ್ಕಳಿಗೆ ಮೌಸು ಹಿಡಿಯಲು ಕಲಿಸಬೇಕಂತೆ. ಚೇರ್ಮನ್‌ರ ತಂದೆಯ ಹೆಸರನ್ನು ತಿರುಗಿ ಹಾಕಬೇಕೆಂದು ನನಗೆ ಆದೇಶ ಬಂತು. ನಾನು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಸರ್ ನನ್ನನ್ನು ಎಬ್ಬಿಸಿದರು.

“ಏಳವಾ. ಇದೊಂದು ನಾ ಹಚ್ಚಿ ಹೊಕ್ಕೇನಿ. ನೀ ಒಬ್ಬರಿಗಿ ಹಚ್ಚಿ ಕೊಟ್ಟಿ ಅಂದ್ರ ನಾಳೆ ಎಲ್ಲಾರೂ ನಿನ್ನ ಬಾಗಲಾ ಬಡೀತಾರ. ಈ ಹುಡುಗಿ ಯಾರಿಗೂ ಹೂಂ ಅಂದಿಲ್ಲ ಅನ್ನೂದು ಹಂಗ ಇರ್ಲಿ.”

ಹಾಕಿದರು, ಎದ್ದರು, ಹೋದರು. ಮೊದಲೇ ಆ ಒಂದು ಹೆಸರನ್ನು ಮುಟ್ಟದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಅವತ್ತು ಅವರ ಮೇಲೆಯೇ ರೇಗಿದೆ. ಈಗಲೂ ರೇಗುತ್ತದೆ. ಆದರೆ ಆಮೇಲೆ ಸಿವಿಲ್‌ನವರು ಬಂದರು, ಮೆಕ್ಯಾನಿಕಲ್‌ನವರು ಬಂದರು, ಕ್ಯಾಂಟೀನಿನವರು ಚಹಾದ ಜೊತೆ ಬಂದರು. “ಆಗೂದಿಲ್ರಿ” ಎಂದೆ. ನಾನು ಯಾರಿಗೂ ಕೊಟ್ಟಿರಲಿಲ್ಲವಾದ್ದರಿಂದ ಅವರು ಬೈದರೇ ಹೊರತು ಬೆರಳು ತೋರಿಸಲಾಗಲಿಲ್ಲ.

ಸರ್ ಮೂಡಲಗಿಯಲ್ಲಿ ಬಹಳ ದಿನ ಇರಲಿಲ್ಲ. ಹುಕ್ಕೇರಿಯ ಮನೆಯಿಂದ ದಿನಾ ಬಸ್ಸು ಬದಲಿಸಿಕೊಂಡು ಹೋಗಿ ಬರುತ್ತಿದ್ದರು. ಒಂದು ಮಧ್ಯಾಹ್ನ ಎದೆ ನೋವೆಂದು ಶಾಲೆಯಲ್ಲೇ ಕುಸಿದರಂತೆ. ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದರು.

ಕ್ಯಾಂಪಸ್ಸಿನಲ್ಲಿ ದೊಡ್ಡ ಶೋಕಸಭೆ ಆಯಿತು. ಬದುಕಿದ್ದಾಗ ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದವರೆಲ್ಲ ಮೈಕಿನ ಮುಂದೆ ನಿಂತು ಅವರ ಗುಣಗಾನ ಮಾಡಿದರು. ಕಡೆಗೆ ಚೇರ್ಮನ್ ಸಾಹೇಬರು ಎದ್ದು, ಅಗಲಿದ ನಮ್ಮ ಮಿತ್ರರ ನೆನಪಿಗಾಗಿ ಇಡೀ ಕ್ಯಾಂಪಸ್ಸಿಗೆ ಅವರ ಹೆಸರಿನಲ್ಲಿ ಒಂದು ವೈಫೈ ಶುರುಮಾಡುತ್ತೇವೆ ಎಂದು ಘೋಷಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೊದಲ ಸಾಲಿನಲ್ಲಿ ಸರ್ ಅವರ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೆ ಕಿರುಚಬೇಕೆನಿಸಿತು. ಸಭೆ ಮುಗಿದು ಹೊರಗೆ ಬರುವಷ್ಟರಲ್ಲಿ ಸಿವಿಲ್ ವಿಭಾಗದ ಮುಖ್ಯಸ್ಥರು ನನ್ನ ಬಳಿ ಬಂದು, “ಅವರದು ಹಚ್ಚೂ ಮುಂದ ನಮ್ಮದೂ ಒಂದ ಹಚ್ಚಿಬಿಡವಾ” ಎಂದರು. ಆ ವರ್ಷದ ನರ್ಸಿಂಗ್ ಹುಡುಗಿಯರ ಪರೀಕ್ಷೆ ಹತ್ತಿರವಾಗಿತ್ತು.

ಆಗುವುದಿಲ್ಲ ಎಂದು ಪ್ರಿನ್ಸಿಪಾಲರಿಗೆ ಹೇಳಿದೆ. “ನಿನಗೆ ಕೆಲಸ ಕಲಿಸಿದವರ ಹೆಸರು ಹಾಕಲು ನಿನಗೇ ಮನಸ್ಸಿಲ್ಲವೇ?” ಎಂದರು. ಉಪಕಾರ ಮರೆತವಳು ಎಂಬ ಮಾತು ಮಧ್ಯಾಹ್ನದೊಳಗೆ ಕ್ಯಾಂಟೀನು ತಲುಪಿತು. ಬೇಡವಾದರೆ ಅವರ ಮನೆಯವರಿಗೆ ನೀನೇ ಹೋಗಿ ಹೇಳು ಎಂದು ಪ್ರಿನ್ಸಿಪಾಲರು ಕೈ ತೊಳೆದುಕೊಂಡರು. ಭಾನುವಾರ ಹುಕ್ಕೇರಿ ಬಸ್ಸು ಹತ್ತಿದೆ.

ಸರ್ ಅವರ ಹೆಂಡತಿಯನ್ನು ನಾನು ಅಕ್ಕಾರ ಎನ್ನುತ್ತಿದ್ದೆ. ಅವರು ನನ್ನನ್ನು ಕೂರಿಸಿ ನೀರು ಕೊಟ್ಟರು. ನಾನು ಬಂದ ಕಾರಣ ಹೇಳಿದೆ.

“ಅಲ್ಲ ತಂಗಿ,” ಎಂದರು, “ಊರ ಮಂದಿ ಹೆಸರೆಲ್ಲಾ ಅಲ್ಲಿ ಇದ್ದೂವಂತ. ದುಡದ ದುಡದ ಸತ್ತಾವರದು ಒಂದ ಹೆಸರ ಇದ್ರ ಅಷ್ಟ ಭಾರ ಆಕ್ಕೈತೇನವಾ?”

ಡಬ್ಬಿ, ಗಾಳಿ, ಸತ್ಕಾರ ಎಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಬಿಟ್ಟುಬಿಟ್ಟೆ.

“ಆಕ್ಕೈತ್ರಿ ಅಕ್ಕಾರ,” ಎಂದೆ. ಹೇಳುತ್ತಲೇ ಅಳು ಬಂತು. “ಸರ್ ಹೇಳಿಕೊಟ್ಟಿದ್ದ ಇದು. ಒಂದ ಹಚ್ಚಿದ್ರ ಎಲ್ಲಾರೂ ಬರ್ತಾರ, ಹುಡುಗೇರ ಪರೀಕ್ಷೆ ನಡುವ ನಿಂತು ಬಿಡತೈತ್ರಿ.”

“ಅವರ ಇದ್ದಿದ್ರ ಏನಂತಿದ್ರು?”

“ಬೈತಿದ್ರು. ನನಗೂ ಬೈತಿದ್ರು, ಚೇರ್ಮನ್‌ರಿಗೂ ಬೈತಿದ್ರು, ನಿಮಗೂ ಬೈತಿದ್ರು ನೋಡ್ರಿ.”

ಅಕ್ಕಾರಿಗೆ ನಗು ಬಂತು. ನಗುತ್ತ ನಗುತ್ತ ಸೆರಗು ಬಾಯಿಗೊತ್ತಿಕೊಂಡು ಅತ್ತರು. ಆಮೇಲೆ ಫೋನು ತೆಗೆದುಕೊಂಡು ನನ್ನೆದುರಿಗೇ ಚೇರ್ಮನ್ ಸಾಹೇಬರಿಗೆ ಹಚ್ಚಿದರು.

“ನಮ್ಮ ಮನಿಯವರ ಹೆಸರ ಹಾಕಬ್ಯಾಡ್ರಿ ಸಾಹೇಬ್ರ. ಹುಡುಗೇರ ಪರೀಕ್ಷೆ ಐತಂತ.”

ಆ ಕಡೆಯಿಂದ ಸಾಹೇಬರು ಬಹಳ ಹೊತ್ತು ಏನೇನೋ ಹೇಳಿದರು. ಅಕ್ಕಾರ ಎಲ್ಲವನ್ನೂ ಕೇಳಿಸಿಕೊಂಡು, “ಬ್ಯಾಡ್ರಿ” ಎಂದು ಇಟ್ಟುಬಿಟ್ಟರು.

ಆ ವರ್ಷದ ಪರೀಕ್ಷೆಯೂ ತಡೆಯಿಲ್ಲದೆ ಮುಗಿಯಿತು, ಅದರ ಮುಂದಿನ ವರ್ಷದ್ದೂ ಮುಗಿಯಿತು. ನಾನು ಬಾಗಿಲಲ್ಲಿ ನಿಂತಿರುತ್ತೇನೆ. ಹುಡುಗಿಯರು ಉತ್ತರ ಕಳಿಸಿ ನಗುನಗುತ್ತ ಹೊರಗೆ ಬರುತ್ತಾರೆ. ಅವರಲ್ಲಿ ಒಬ್ಬಳಿಗೂ ಸರ್ ಯಾರೆಂದು ಗೊತ್ತಿಲ್ಲ. ಸರ್ ಬಯಸಿದ್ದು ಇದನ್ನೇ ಎಂದು ನನಗೆ ಗೊತ್ತು, ಆದರೂ ಪ್ರತಿ ಸಲವೂ ಸಿಟ್ಟು ಬರುತ್ತದೆ.