ಕ್ರಿಸ್‌ಮಸ್ ಹಾಡು ಮತ್ತು ಈರಪ್ಪ ಕಾಕಾನ ಅನುಮಾನ

ಗೆಳೆಯರೇ, ಇವತ್ತು ಪಾಠ ಅರ್ಧಕ್ಕೇ ನಿಂತಿತು. ನಾನು ಕಲಿಸುವ ಹಳ್ಳಿ ಶಾಲೆಗೆ ಈರಪ್ಪ ಕಾಕಾ ಬಂದು ನೇರ ಕ್ಲಾಸಿನ ಬಾಗಿಲಲ್ಲೇ ನಿಂತರು. ಅವರ ಮೊಮ್ಮಗಳು ನನ್ನ ವಿದ್ಯಾರ್ಥಿನಿ.

"ಟೀಚರ್, ಖರೇ ಹೇಳ್ರಿ. ಹುಡುಗಿಗೆ ಏನ್ ಕಲಿಸಾಕತ್ತೀರಿ? ಮುಂಜಾನಿ ವಿಭೂತಿ ಹಚ್ಕೊಂತ ಕ್ರಿಸ್‌ಮಸ್ ಹಾಡ ಗುನುಗಾಕತ್ಯಾಳ."

"ನಾ ಕಲಿಸಿಲ್ರಿ ಕಾಕಾ. ಅದು ಕ್ರಿಸ್‌ಮಸ್ ಹಾಡಂತ ನಿಮಗ ಹೆಂಗ ಗೊತ್ತಾತು?"

"ಪ್ರತಿ ವರ್ಷ ಡಿಸೆಂಬರ್ ಬಂತಂದ್ರ ಹುಬ್ಬಳ್ಳಿ ಅಂಗಡ್ಯಾಗ ಹಚ್ಚೋದು ಅದ ಹಾಡ. ನಾ ಸಣ್ಣಾಂವ ಇದ್ದಾಗಿಂದ ಕೇಳೇನಿ."

ಅವರ ಕಣ್ಣು ನನ್ನ ಬ್ಯಾಗಿನ ಮೇಲೆ ಹೋಯಿತು. "ನಿಮ್ಮನ್ನ ಇಲ್ಲಿಗೆ ಕಳಿಸಿದವ್ರು ಯಾರು?" ಎಂದರು. ನಾನು ಮತಾಂತರಕ್ಕೆ ಬಂದವಳೆಂಬ ಮಾತು ಊರೆಲ್ಲ ಹಬ್ಬಿದರೆ ನಾನು ಇಲ್ಲಿ ಪಾಠ ಮಾಡಿದಂತೆಯೇ.

"ಸಂಜಿಗೆ ಹಿರ್‍ಯಾರನ್ನ ಕರ್ಕೊಂಡ ಬರ್ತೀನಿ," ಎಂದು ಕಾಕಾ ಹೊರಗೆ ಹೋಗಿ ದಿನಾ ಮಗ ಓಡಿಸುವ ತಮ್ಮ ಟ್ರ್ಯಾಕ್ಟರ್ ಹತ್ತಿದರು. ರಿವರ್ಸ್ ಹಾಕುತ್ತಲೇ ಹಿಂದಿನ ಹಾರ್ನಿನಿಂದ ಕ್ರಿಸ್‌ಮಸ್ ಹಾಡು ಕೇಳತೊಡಗಿತು. ದಿನಾ ಕೇಳಿ ಬಾಯಿಪಾಠವಾಗಿದ್ದ ಆ ರಾಗಕ್ಕೆ ಇಡೀ ಕ್ಲಾಸು ದನಿಗೂಡಿಸಿತು.

ಕಾಕಾ ಇಳಿದು ಹಾರ್ನನ್ನು ನೋಡಿದರು. ಆಮೇಲೆ ನನ್ನನ್ನೇ ದಿಟ್ಟಿಸಿ, "ಇದನ್ನ ಯಾವಾಗ ಹಚ್ಚಿದ್ರಿ ಟೀಚರ್?" ಎಂದರು.

ನನಗೆ ಸೈಕಲ್ಲಿಗೆ ಗಂಟೆ ಹಚ್ಚಲೂ ಬರುವುದಿಲ್ಲ ಎಂದು ಅವರನ್ನು ಹೇಗೆ ನಂಬಿಸಲಿ?