ಬಾರ್ಬಡೋಸಿಗೆ ಬೇಕಾದ ಹತ್ತು ಬೆರಳು

ವೀರನಹೊಸಹಳ್ಳಿಯ ಚಿಕ್ಕಬೀರಮ್ಮನನ್ನು ಮೈಸೂರು ಅರಮನೆ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಪಿರಿಯಾಪಟ್ಟಣದ ಕಡೆಗೂ ಕೈ ತೋರಿಸಿಯಾಳು. ಬಾರ್ಬಡೋಸಿನಲ್ಲಿ ಗಾಳಿ ಹೇಗೆ ಬೀಸುತ್ತದೆ, ಮಳೆ ಎಷ್ಟು ಹೊತ್ತು ಬಂದು ಹೋಗುತ್ತದೆ ಎಂದು ಕೇಳಿ ನೋಡಿ, ಒಂದಿಷ್ಟೂ ತಡವರಿಸುವುದಿಲ್ಲ.

ಇದಕ್ಕೆ ಕಾರಣ ಹೊಗೆಸೊಪ್ಪು. ಜುಲೈ ಬಂತೆಂದರೆ ಹೊಲದಲ್ಲಿ ಸೊಪ್ಪು ಮುರಿಯುವ ಕೆಲಸ. ಮುರಿದದ್ದನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಸೊಪ್ಪು ಹದಮಾಡುವ ಮನೆಯೊಳಗೆ ಸಾಲಾಗಿ ತೂಗುಹಾಕಿ, ಒಲೆಗೆ ಬೆಂಕಿ ಕೊಟ್ಟರೆ ಮುಂದೆ ಐದಾರು ದಿನ ಹಗಲಿರುಳೂ ಯಾರಾದರೊಬ್ಬರು ಬಿಸಿ ಕಾಯಬೇಕು. ತೂಕಡಿಸಿದರೆ ಹಳದಿಯಾಗಬೇಕಾದ ಎಲೆ ಕರಿಯಾಗುತ್ತದೆ, ಹರಾಜಿನಲ್ಲಿ ಯಾರೂ ಮೂಸುವುದಿಲ್ಲ. ನಿದ್ದೆ ಬಾರದಿರಲೆಂದು ಚಿಕ್ಕಬೀರಮ್ಮ ರೇಡಿಯೋ ಹಾಕಿಕೊಂಡು ಕೂರುತ್ತಿದ್ದಳು. ನಮ್ಮಲ್ಲಿ ಜನ ಮಲಗಿದ ಹೊತ್ತಿಗೆ ವೆಸ್ಟ್ ಇಂಡೀಸಿನಲ್ಲಿ ಬಿಸಿಲೇರಿ ಕ್ರಿಕೆಟ್ಟು ನಡೆಯುತ್ತಿರುತ್ತದೆ. ರೇಡಿಯೋದಲ್ಲಿ ಆಟ ಹೇಳುವವನ ಹಿಂದಿ ಅರ್ಧ ತಿಳಿಯುತ್ತಿತ್ತು, ಇಂಗ್ಲಿಷು ಕಾಲುಭಾಗ. ಆಟಕ್ಕಿಂತ ಅವನು ನಡುನಡುವೆ ಹೇಳುತ್ತಿದ್ದ ಕಡಲು, ಗಾಳಿ, ಕೆಲಸಬೊಗಸೆ ಬಿಟ್ಟು ಹುಲ್ಲಿನ ಮೇಲೆ ಕಾಲು ಚಾಚಿ ಕೂತ ಜನ, ಇವೇ ಅವಳಿಗೆ ಹಿಡಿಸಿದ್ದು. ಹೀಗೆ ನಲವತ್ತು ವರ್ಷದಲ್ಲಿ ಬಾರ್ಬಡೋಸು, ಆಂಟಿಗಾ, ಟ್ರಿನಿಡಾಡು ಅವಳ ಪಾಲಿಗೆ ಪಿರಿಯಾಪಟ್ಟಣ, ಕೆ.ಆರ್. ನಗರಗಳಷ್ಟೇ ಹತ್ತಿರದ ಊರುಗಳಾದವು.

ಮಗಳು ಪ್ರಮೀಳಾ ಎಚ್.ಡಿ. ಕೋಟೆ ಡಿಪೋದಲ್ಲಿ ಬಸ್ ಕಂಡಕ್ಟರು. ವಯಸ್ಸು ಮೂವತ್ತೈದು, ಕೋಟೆಯಲ್ಲೇ ಬಾಡಿಗೆ ಮನೆ, ಮದುವೆಯ ಮಾತೆತ್ತಿದವರನ್ನು ಮುಂದಿನ ಸ್ಟಾಪಿನಲ್ಲಿ ಇಳಿಸಿಬಿಡುವಂಥ ಹೆಣ್ಣು. ಒಂದು ದಿನ ಬಂದವಳೇ, "ಅವ್ವ, ಬಾರ್ಬಡೋಸಿಗೆ ಹೋಗವಾ. ನೀನೂ ನಾನೂ, ಇಬ್ರೇ. ಹತ್ತು ದಿನ" ಎಂದಳು.

"ಬ್ಯಾರನ್ನು?"

"ಜನವರಿಗೆ ಕಣವ್ವ. ಆಗ ಬ್ಯಾರನ್ ತಣ್ಣಗಿರ್ತದೆ."

"ಆಗ ಅಲ್ಲಿ ಮ್ಯಾಚಿರದಿಲ್ವಲ್ಲೇ" ಎಂದು ಚಿಕ್ಕಬೀರಮ್ಮ ಸ್ವಲ್ಪ ಯೋಚಿಸಿದಳು. "ಹೋಗ್ಲಿ ಬುಡು. ಮೈದಾನ ಎಲ್ಲಿಗೆ ಓಡೋಯ್ತದೆ?"

ಊರಿನವರು ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು. ಹಿಂದಿನ ವರ್ಷ ಸೊಪ್ಪಿಗೆ ಒಳ್ಳೆ ರೇಟು ಬಂದದ್ದು ಅವರಿಗೂ ಗೊತ್ತಿತ್ತು; ಹೊಟ್ಟೆಕಿಚ್ಚಿಗೆ ಗಾದೆಗಿಂತ ಒಳ್ಳೆ ಅಂಗಿ ಇಲ್ಲ.

ಹುಣಸೂರಿನಲ್ಲಿ ಕಾಶಿ, ಧರ್ಮಸ್ಥಳ, ಶಬರಿಮಲೆಗಳಿಗೆ ಜನರನ್ನು ಕಳಿಸುವ ನಟರಾಜು ಎಂಬ ಟೂರಿನವನಿದ್ದ. ಬಾರ್ಬಡೋಸೆಂದ ಕೂಡಲೇ ಅವನ ಮುಖ ಊರಗಲವಾಯಿತು. ಕಂಪ್ಯೂಟರ್ ತಿರುಗಿಸಿ ಒಂದು ಹಡಗು ತೋರಿಸಿದ.

"ಇದ್ರಲ್ಲಿ ಹೋಗಿ ಅಮ್ಮಾ. ಏಳು ದಿನಕ್ಕೆ ಏಳು ದ್ವೀಪ. ಊಟ, ತಿಂಡಿ, ಡ್ಯಾನ್ಸು, ಎಲ್ಲಾ ಹಡಗಲ್ಲೇ."

"ದಿನಕ್ಕೊಂದೂರು ಸುತ್ತಕ್ಕೆ ನಾವೇನು ಕರಡಿ ಆಡ್ಸೋರಾ? ಒಂದೇ ಊರು ಸಾಕು ಕಣಪ್ಪ. ಮಲಗಿದ್ರೆ ಅಲ್ಲಾಡ್ದಿರೋ ನೆಲ ಇರ್ಬೇಕು. ನಾನೂ ನನ್ ಮಗಳೂ ಕಾಲ್ ಚಾಚ್ಕಂಡು ಕೂತ್ಕತೀವಿ."

"ಬರೀ ಕೂತ್ಕಳಕ್ಕೆ ಅಷ್ಟು ದೂರ ಯಾಕಮ್ಮ?"

"ಇಲ್ಲಿ ಕೂತ್ರೆ ಯಾರಾದ್ರೂ ಕರೀತಾರೆ."

ನಟರಾಜು ಕಂಪ್ಯೂಟರನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಕಡಲ ಹತ್ತಿರ ಒಂದು ಕೋಣೆ ಹುಡುಕಿಕೊಡುತ್ತೇನೆಂದು ಒಪ್ಪಿಕೊಂಡ. ಪ್ರಮೀಳಾ ಒಂದು ಹಾಳೆಯಲ್ಲಿ ಕೋಟೆ, ಮೈಸೂರು, ಬೆಂಗಳೂರು, ಲಂಡನ್ನು, ಬಾರ್ಬಡೋಸು ಎಂದು ಸ್ಟೇಜುಗಳನ್ನು ಬರೆದು, ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲಿ ಕಾಫಿ ಸಿಗುತ್ತದೆ ಎಂಬುದನ್ನೂ ಸೇರಿಸಿದಳು. ಚಿಕ್ಕಬೀರಮ್ಮ ತನ್ನ ಪಟ್ಟಿಯನ್ನು ಬಾಯಲ್ಲೇ ಹೇಳಿದಳು: ಹತ್ತು ಸೇರು ರಾಗಿಹಿಟ್ಟು, ಉಪ್ಪಿನಕಾಯಿ, ಮುದ್ದೆ ಕೋಲು, ರೇಡಿಯೋ. ಇನ್ನುಳಿದದ್ದು ಪಾಸ್‌ಪೋರ್ಟು. ಜುಲೈ ಮೊದಲ ವಾರ ತಾಯಿ ಮಗಳು ಮೈಸೂರಿನ ಕಚೇರಿಗೆ ಹೋದರು.

ಅಲ್ಲಿದ್ದ ಯಂತ್ರದ ಗಾಜಿನ ಮೇಲೆ ಬೆರಳೂರಬೇಕು. ಪ್ರಮೀಳಾ ಊರಿದಳು, ಹಸಿರು ದೀಪ. ಚಿಕ್ಕಬೀರಮ್ಮ ಊರಿದಳು, ಕೆಂಪು. ಕುರ್ಚಿಯಲ್ಲಿದ್ದ ಹುಡುಗಿ ಗಾಜು ಒರೆಸಿದಳು, ಬೆರಳು ಒರೆಸಿದಳು, ತಾನೇ ಎದ್ದು ಬಂದು ಒತ್ತಿ ಹಿಡಿದಳು. ಹತ್ತು ಬೆರಳಿಗೂ ಕೆಂಪೇ ಬಂತು.

"ಅಮ್ಮಾ, ನಿಮ್ಮ ಬೆರಳಲ್ಲಿ ಗೆರೆಗಳೇ ಇಲ್ಲ. ಏನು ಕೆಲಸ ಮಾಡ್ತೀರಿ?"

ಹೊಗೆಸೊಪ್ಪು ಮುರಿದರೆ ಕೈಗೆ ಕರಿ ಅಂಟು ಮೆತ್ತುತ್ತದೆ, ಅದನ್ನು ಬೂದಿ ಹಾಕಿ ತಿಕ್ಕಬೇಕು. ಅದಾದರೂ ಎಲ್ಲರಿಗೂ ಇರುವುದೇ. ಚಿಕ್ಕಬೀರಮ್ಮನದು ಬೇರೆ ಕಥೆ. ಬ್ಯಾರನ್ನಿನ ಒಳಗೆ ಬಿಸಿ ಅಳೆಯುವ ಗಾಜಿನ ಕೊಳವೆಯೊಂದು ತೂಗುತ್ತಿತ್ತು. ಅದು ಅವಳ ಗಂಡ ಮಂಟಯ್ಯನಿಗಾಗಿ. ಅವಳು ಮಾತ್ರ ಕಬ್ಬಿಣದ ಬಾಗಿಲಿಗೆ ಅಂಗೈಯೊತ್ತಿ ನಿಂತು, ಸೌದೆ ಹಾಕಬೇಕೋ ಎಳೆಯಬೇಕೋ ಹೇಳುತ್ತಿದ್ದಳು. ನಲವತ್ತು ವರ್ಷ ಬಿಸಿ ಕಬ್ಬಿಣಕ್ಕೆ ಒತ್ತಿದ ಕೈ ಅದು. ಕೈ ಕೆಸರಾದರೆ ಬಾಯಿ ಮೊಸರು ಎಂದ ಪುಣ್ಯಾತ್ಮ ಯಾರೋ, ಪಾಸ್‌ಪೋರ್ಟಿನ ಯಂತ್ರದ ಮುಂದೆ ನಿಂತವನಂತೂ ಅಲ್ಲ.

"ಅಂಗಾರೆ ನಾನು ಯಾರು?" ಎಂದು ಚಿಕ್ಕಬೀರಮ್ಮ ಕೇಳಿದಳು. ಸಿಟ್ಟು ಬಂದರೂ ದನಿ ಸಣ್ಣಗಿತ್ತು.

"ಬೇಜಾರಾಗ್ಬೇಡಿ. ಹದಿನೈದು ದಿನ ಕೈಗೆ ಒಂದು ಕೆಲಸಾನೂ ಕೊಡ್ಬೇಡಿ. ದಿನಾ ಕೊಬ್ಬರಿ ಎಣ್ಣೆ ಹಚ್ಚಿ. ಗೆರೆ ಏಳುತ್ತೆ. ಆಮೇಲೆ ಬನ್ನಿ."

ಹದಿನೈದು ದಿನ ಕೆಲಸವಿಲ್ಲ! ಚಿಕ್ಕಬೀರಮ್ಮ ಬಾಣಂತನದಲ್ಲೂ ಅಷ್ಟು ದಿನ ಕೂತವಳಲ್ಲ. ಹಳ್ಳಿಗೆ ಹೋದರೆ ಅವ್ವ ಕೈ ಕಟ್ಟಿ ಕೂರುವವಳಲ್ಲವೆಂದು ಪ್ರಮೀಳಾ ರಜೆ ಹಾಕಿ, ಅವ್ವನನ್ನು ಬಸ್ಸು ಹತ್ತಿಸಿ ಕೋಟೆಗೆ ಕರೆದುಕೊಂಡು ಹೋದಳು. ಬ್ಯಾರನ್ನು ಮಂಟಯ್ಯನ ತಲೆಗೆ ಬಿತ್ತು.

ಕೋಟೆಯ ಮನೆಯಲ್ಲಿ ಎರಡೂ ಕೈಗೆ ಎಣ್ಣೆ ಬಳಿದು, ಮೇಲೆ ಪ್ರಮೀಳಾಳ ಡ್ಯೂಟಿಯ ಖಾಕಿ ಸಾಕ್ಸು ತೊಡಿಸಲಾಯಿತು. ಪಕ್ಕದ ಮನೆಯ ಪುಟ್ಟಮಾದಮ್ಮ ಬಂದು, "ಕೈ ಸುಟ್ಕಂಡ್ರಾ?" ಎಂದು ಮರುಗಿದಳು. "ಇಲ್ಕಣವ್ವ, ಗೆರೆ ಬೆಳಿತಾ ಇವೆ" ಎಂದಾಗ ಮಾತು ಬೆಳೆಸದೆ ಎದ್ದು ಹೋದಳು. ಎರಡನೆಯ ದಿನ ಚಿಕ್ಕಬೀರಮ್ಮ ಬಾಗಿಲ ಹಿಂದೆ ಕೂತು ಸಾಕ್ಸಿನ ಕೈಯಲ್ಲೇ ಬೆಳ್ಳುಳ್ಳಿ ಸುಲಿಯುತ್ತ ಸಿಕ್ಕಿಬಿದ್ದಳು.

"ಟಿಕೆಟ್ ಇಲ್ದೆ ಸಿಕ್ಕಾಕಂಡೋರು ಇಂಗೇ ಪಿಳಿಪಿಳಿ ಅಂತಾರೆ. ಕೈ ತೋರ್ಸವ್ವ."

"ಒಂದೇ ಗೆಡ್ಡೆ ಕಣೇ."

ಊಟಕ್ಕೆ ಮಗಳೇ ಮುದ್ದೆ ಮುರಿದು ಉಪ್ಸಾರಿನಲ್ಲಿ ಅದ್ದಿ ತಾಯಿಯ ಬಾಯಿಗಿಡಬೇಕು. "ಇದೇನು ಪ್ಯಾಟೆಯೋರ ತುತ್ತು, ಗಂಟ್ಲಿಗೆ ಗೊತ್ತೇ ಆಗದಿಲ್ಲ" ಎಂದು ಗೊಣಗುತ್ತಲೇ ಎರಡು ಮುದ್ದೆ ಇಳಿಸುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಜಗಲಿಯಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಮಾತು ತಾನಾಗಿ ಬರುತ್ತಿತ್ತು. ಎಂಟನೆಯ ದಿನ ಪ್ರಮೀಳಾ ಹೇಳಿಯೇಬಿಟ್ಟಳು.

"ಅವ್ವ, ನಂಗೆ ಬಾರ್ಬಡೋಸು ಯಾಕೆ ಗೊತ್ತಾ? ಚಿಕ್ಕೋಳಿದ್ದಾಗ ಬ್ಯಾರನ್ ಮುಂದೆ ಗೋಣಿತಾಟಿನ ಮ್ಯಾಲೆ ಮಲಗಿ ನಿನ್ನೇ ನೋಡ್ತಿದ್ದೆ. ಯಾವಾಗ್ ನೋಡಿದ್ರೂ ನಿನ್ ಬೆನ್ನೇ ಕಾಣ್ತಿದ್ದುದು. ಒಂದತ್ತು ದಿನ ನಿನ್ ಮುಖ ನೋಡ್ಬೇಕು ನಂಗೆ."

ಚಿಕ್ಕಬೀರಮ್ಮ ಸಾಕ್ಸಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. "ನಂಗೂ ತಿರುಗ್ಬೇಕು ಅನ್ನುಸ್ತಿತ್ತು ಕಣ್ ಮಗ. ತಿರುಗಿದ್ರೆ ಬಿಸಿ ತಪ್ಪೋಗದು" ಎಂದಳು. ಎಣ್ಣೆ ಕಣ್ಣಿಗೆ ಹತ್ತಿ ಉರಿದು, ಅರ್ಧ ಗಂಟೆ ಇಬ್ಬರೂ ತಣ್ಣೀರು ಎರಚುವುದರಲ್ಲೇ ಕಳೆದರು.

ಹದಿನಾಲ್ಕನೆಯ ದಿನ ಬೆಳಿಗ್ಗೆ ಮಂಟಯ್ಯನ ಫೋನು. ಬಿಸಿ ನೋಡುವ ಗಾಜಿನ ಕೊಳವೆ ಅವನ ಕೈಜಾರಿ ಬಿದ್ದು ಪುಡಿಯಾಗಿತ್ತು. ಅಕ್ಕಪಕ್ಕದವರ ಬ್ಯಾರನ್ನುಗಳೂ ಉರಿಯುತ್ತಿದ್ದವು, ಅವರು ತಮ್ಮದನ್ನು ಬಿಚ್ಚಿ ಕೊಡುವಂತಿರಲಿಲ್ಲ.

"ಸೊಪ್ಪು ಅಳದಿಗೆ ತಿರುಗ್ಯದೆ ಕಣ್ಲೇ. ಈಗ ಬಿಸಿ ಏರ್ಸದಾ ಬ್ಯಾಡ್ವಾ? ನನ್ ಕೈಗೆ ಬಾಗ್ಲೂ ಒಂದೇ, ಗ್ವಾಡೆನೂ ಒಂದೇ. ಬೇಗ ಬಾ!"

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಊರು ಸೇರಿದರು. ಬ್ಯಾರನ್ನಿನ ಮುಂದೆ ಮಂಟಯ್ಯ ಎರಡು ಕೈಯಲ್ಲಿ ಎರಡು ಸೌದೆ ಹಿಡಿದು, ಹಾಕಲೋ ಬೇಡವೋ ಎಂದು ನಿಂತಿದ್ದ. ಚಿಕ್ಕಬೀರಮ್ಮ ಸಾಕ್ಸು ಕಳಚಿದಳು. ಬೆರಳ ತುದಿಯಲ್ಲಿ ಎಳೆಯ ಗೆರೆಗಳು ತಿಳಿಯಾಗಿ ಎದ್ದಿದ್ದವು. ಮಾರನೆಯ ದಿನವೇ ಕಚೇರಿಗೆ ಹೋಗಬೇಕು. ಅಂಗೈಯಿಟ್ಟರೆ ಗೆರೆ ಹೋಯಿತು. ಇಡದಿದ್ದರೆ ಸೊಪ್ಪು ಹೋಯಿತು, ಸೊಪ್ಪಿನ ಜೊತೆ ವಿಮಾನದ ಟಿಕೆಟ್ಟೂ. ಅತ್ತ ದರಿ ಇತ್ತ ಪುಲಿ.

"ಇಟ್ಬುಡವ್ವ" ಎಂದಳು ಪ್ರಮೀಳಾ. "ಬಾರ್ಬಡೋಸು ಎಲ್ಲಿಗೋಯ್ತದೆ. ಇನ್ನೊಂದ್ ವರ್ಷ ನೋಡ್ಕಂಡ್ರಾಯ್ತು."

ಚಿಕ್ಕಬೀರಮ್ಮ ಬಾಗಿಲಿನ ಹತ್ತಿರ ಹೋದಳು. ಕೈ ಎತ್ತಿದಳು. ಏನನ್ನಿಸಿತೋ, ಎತ್ತಿದ ಕೈಯನ್ನು ಇಳಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮುಂದೆ ಬಾಗಿ, ಕತ್ತು ಹೊರಳಿಸಿ, ಬಲಗೆನ್ನೆಯನ್ನು ಬಿಸಿ ಕಬ್ಬಿಣಕ್ಕೆ ಒತ್ತಿ ನಿಂತಳು. ಹಾಗೆ ನಿಂತಾಗ ಅವಳ ಮುಖ ನೇರವಾಗಿ ಮಗಳ ಕಡೆಗಿತ್ತು. ಕಣ್ಣಲ್ಲಿ ನೀರು ಬಂದರೂ ಕದಲದೆ, ಮಗಳನ್ನೇ ನೋಡುತ್ತ ಒಳಗಿನ ಬಿಸಿಯನ್ನು ಎಣಿಸಿದಳು.

"ಎರಡ್ ಸೌದೆ ಆಕಿ" ಎಂದಳು ಕೊನೆಗೆ ಗಂಡನಿಗೆ. "ಮ್ಯಾಗಡೆ ಕಿಟಕಿ ಅರ್ಧ ತೆಗೀರಿ. ಸಂಜೆಗಂಟ ಮುಟ್ಬ್ಯಾಡಿ."

ಆ ಸಲದ ಸೊಪ್ಪು ಬಂಗಾರದ ಬಣ್ಣಕ್ಕೆ ಬಂತು.

ಮಾರನೆಯ ದಿನ ಮೈಸೂರಿನಲ್ಲಿ ಹತ್ತು ಬೆರಳಿಗೂ ಹಸಿರು ದೀಪ ಹತ್ತಿತು. ಚಿಕ್ಕಬೀರಮ್ಮ ಇನ್ನೊಂದು ಸಲ ಊರಲೇ ಎಂದು ಕೇಳಿದಳು, ಹುಡುಗಿ ಬೇಡವೆಂದಳು. ಫೋಟೋ ತೆಗೆಯುವಾಗ ಅದೇ ಹುಡುಗಿ ತಲೆಯೆತ್ತಿ ನೋಡಿ, "ಕೆನ್ನೆಗೆ ಏನಾಯ್ತಮ್ಮ? ಇಷ್ಟು ಕೆಂಪಗಿದೆ. ಇನ್ನೊಂದು ದಿನ ಬಂದು ತೆಗೆಸ್ಕೊಳ್ತೀರಾ?" ಎಂದಳು. ಪ್ರಮೀಳಾ ಕೂಡ ಅದೇ ಸರಿಯೆಂದಳು.

"ಬ್ಯಾಡ ಬುಡಿ, ತೆಗೀರಿ" ಎಂದಳು ಚಿಕ್ಕಬೀರಮ್ಮ, ಸೆರಗು ಸರಿಮಾಡಿಕೊಂಡು. "ಅಲ್ಲಿ ಬಿಸ್ಲು ಜಾಸ್ತಿಯಂತೆ. ನೋಡ್ದೋರು ನಾನು ಆಗ್ಲೇ ಓಗ್ಬಂದಿವ್ನಿ ಅನ್ಕತಾರೆ."